ಹಿಂದಿನ ಸೀಟಿಗೆ ಬಂದ ಉತ್ತರ

ನಮ್ಮ ಓಣಿಯಲ್ಲಿ ದೆವ್ವ ಕಾಣಿಸಿಕೊಂಡಾಗಲೆಲ್ಲ ಆ ದೆವ್ವ ಬಹುಮಟ್ಟಿಗೆ ನಾನೇ ಆಗಿರುತ್ತಿದ್ದೆ. ವಿಜಾಪುರದಲ್ಲಿ ಹುಡುಗನಾಗಿದ್ದಾಗ ಹುಣಸೆಮರದ ಹಿಂದೆ ನಿಂತು ಹೆಂಗಸಿನ ದನಿಯಲ್ಲಿ ಅತ್ತು, ಇಬ್ಬರು ಪೈಲ್ವಾನರನ್ನು ಓಡಿಸಿದ್ದೇನೆ. ನೌಕರಿಗೆಂದು ಪುಣೆಗೆ ಬಂದ ಮೇಲೆ ಸಾಹೇಬರ ದನಿ ತೆಗೆದು ಫೋನಿನಲ್ಲೇ ಇಡೀ ಸೆಕ್ಷನ್ನಿಗೆ ಅರ್ಧ ದಿನ ರಜೆ ಕೊಟ್ಟಿದ್ದೇನೆ. ಆ ಸಾಹೇಬರು ಕೊನೆಯವರೆಗೂ ತಾವೇ ರಜೆ ಕೊಟ್ಟೆವೆಂದು ನಂಬಿದ್ದರು! ಇಷ್ಟೊಂದು ದೆವ್ವಗಳನ್ನು ಕೈಯಾರೆ ತಯಾರಿಸಿದವನು ದೆವ್ವವನ್ನು ನಂಬುವುದು ಹೇಗೆ, ನೀವೇ ಹೇಳಿ. ಅಡುಗೆ ಮಾಡಿದವನಿಗೆ ಒಳಗೆ ಏನು ಹಾಕಿದೆ ಅಂತ ಗೊತ್ತಿರುತ್ತದಲ್ಲ. ಯಾರಾದರೂ ಇಂಥ ಕಥೆ ಹೇಳಲು ಬಂದರೆ ಮನಸ್ಸಿನಲ್ಲೇ ಅವರಿಗೆ ಅಂಕ ಹಾಕುತ್ತಿದ್ದೆ. ಪಾಸಾದವರು ಕಡಿಮೆ.

ಈಗ ನೀವು ನನಗೆ ಅಂಕ ಹಾಕುತ್ತೀರಿ. ಹಾಕಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಯೆರವಡಾದಲ್ಲಿ ನಮ್ಮ ಶೆಟ್ಟರ ಹೋಟೆಲು. ಭಾನುವಾರ ಮಧ್ಯಾಹ್ನ ಊಟದ ಗಿರಾಕಿಗಳು ಖಾಲಿಯಾದ ಮೇಲೆ ಶೆಟರ್ ಅರ್ಧ ಎಳೆದು, ಮೇಲಿನ ಕೋಣೆಯಲ್ಲಿ ನಾವೊಂದಿಷ್ಟು ಕನ್ನಡದವರು ಸೇರುತ್ತಿದ್ದೆವು. ಅಲ್ಲಿ ದೊಡ್ಡ ಟಿವಿ ಇತ್ತು, ವಿಸಿಆರ್ ಇತ್ತು. ಶೆಟ್ಟರಿಗೆ ಇಂಗ್ಲಿಷ್ ಯುದ್ಧದ ಚಿತ್ರಗಳೆಂದರೆ ಪ್ರಾಣ. ಆದರೆ ಆ ಬಿಳಿಯರು ಮೂಗಿನಲ್ಲಿ ಆಡುವ ಮಾತು ಒಬ್ಬರಿಗೂ ತಿಳಿಯುತ್ತಿರಲಿಲ್ಲ. ಒಂದು ಭಾನುವಾರ ಬೇಸತ್ತು ನಾನು ಟಿವಿಯ ದನಿಯನ್ನು ಪೂರ್ತಿ ಸೊನ್ನೆ ಮಾಡಿದೆ. ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು, ಎಲ್ಲ ಪಾತ್ರಗಳ ಮಾತನ್ನೂ ನಮ್ಮ ವಿಜಾಪುರದ ಕನ್ನಡದಲ್ಲಿ ನಾನೇ ಆಡತೊಡಗಿದೆ. ಅಂದಿನಿಂದ ಅದೇ ರೂಢಿಯಾಯಿತು. ನನ್ನ ಆಟ ನೋಡಲು ಅಷ್ಟು ದೂರದ ಪಿಂಪ್ರಿಯಿಂದ ಜನ ಬರುತ್ತಿದ್ದರು ಅಂದರೆ ನೀವು ನಂಬಬೇಕು.

ಅದರಲ್ಲೂ ಬಾಂಬರ್ ವಿಮಾನದ ಚಿತ್ರಗಳು ನನಗೆ ಹೇಳಿ ಮಾಡಿಸಿದಂತಿದ್ದವು. ಕಾರಣ ಇಷ್ಟೇ. ಆ ವೈಮಾನಿಕರ ಮೂಗು ಬಾಯಿಗೆಲ್ಲ ರಬ್ಬರಿನ ಮಾಸ್ಕು. ತುಟಿ ಕಾಣುವುದಿಲ್ಲ. ತುಟಿ ಕಾಣದಿದ್ದರೆ ನಾನು ಏನು ಆಡಿಸಿದರೂ ಹೊಂದುತ್ತದೆ. ಬರ್ಲಿನ್ ಮೇಲೆ ಹಾರುತ್ತಿರುವ ಕ್ಯಾಪ್ಟನ್ನು, "ಏ ಬಸ್ಯಾ, ಕೆಳಗ ಬಾಂಬ್ ಒಗದು ಆತೇನೋ? ಲಗೂನ ಒಗಿ, ಸಂತಿ ಮುಗಸ್ಕೊಂಡು ಹೋಗೂಣು" ಅನ್ನುತ್ತಿದ್ದ. ನಡುವೆ ಹೀರೋ ಮಾಸ್ಕ್ ಬಿಚ್ಚಿ ಮುಖ ತೋರಿಸಿದರೆ ಮಾತ್ರ ನನಗೆ ಸಿಟ್ಟು. ಅಷ್ಟು ಎತ್ತರದಲ್ಲಿ ಮಾಸ್ಕ್ ಬಿಚ್ಚಿದವನಿಗೆ ಉಸಿರೆಲ್ಲಿಂದ ಬರಬೇಕು?

ಇಂಥ ತಪ್ಪುಗಳನ್ನು ನಮಗೆ ಹೇಳಿಕೊಟ್ಟವರು ನಾಡಗೌಡರು. ಬೆಳಗಾವಿ ಕಡೆಯವರು, ಎಪ್ಪತ್ತು ದಾಟಿದ ಎತ್ತರದ ಮನುಷ್ಯ, ಒಬ್ಬರೇ ಇದ್ದರು. ಶೆಟ್ಟರಲ್ಲಿಗೆ ಕಾಫಿಗೆ ಬರುವವರು ಒಂದು ದಿನ ಮೇಲೆ ಹತ್ತಿ ಬಂದು ಬಾಗಿಲಲ್ಲೇ ನಿಂತು ನೋಡಿದರು.

"ವಿಮಾನದಾಗ ಇಷ್ಟೆಲ್ಲ ಮಾತಾಡೂದಿಲ್ರಿ," ಅಂದರು.

ನನ್ನ ಆಟಕ್ಕೆ ಅಡ್ಡ ಬಂದವರನ್ನು ನಾನು ಬಿಡುವವನಲ್ಲ. "ನೀವು ಯಾವ ವಿಮಾನದ ಕಂಡಕ್ಟರ್ ಇದ್ದಿರಿ?" ಅಂದೆ.

"ಕಂಡಕ್ಟರ್ ಅಂತನ ತಿಳೀರಿ," ಅಂದರು ಶಾಂತವಾಗಿ. "ಹಿಂದಿನ ಸೀಟ್ ನಂದು. ಬರ್ಮಾದ ಯುದ್ಧದಾಗ."

ನಾನು ಕುರ್ಚಿ ಸರಿಸಿ ಅವರಿಗೆ ಜಾಗ ಮಾಡಿದೆ. ಅವರದು ಇಬ್ಬರೇ ಕೂರುವ ಬಾಂಬರು. ಮುಂದೆ ಪೈಲಟ್, ಹಿಂದೆ ಬಂದೂಕು ಹಿಡಿದು ಇವರು, ಬೆನ್ನಿಗೆ ಬೆನ್ನು. ಗುರಿ ಸಿಕ್ಕಾಗ ಆ ವಿಮಾನ ಮೂಗು ಕೆಳಗೆ ಮಾಡಿ ನೆಟ್ಟಗೆ ಬೀಳುತ್ತಿತ್ತಂತೆ. "ಮುಂದಿನಾಂವಗ ನೆಲ ಕಾಣತದ, ಹಿಂದಿನಾಂವಗ ಬರೇ ಆಕಾಶ. ಎಲ್ಲಿ ಹೊಂಟೀವಿ ಗೊತ್ತಾಗೂದಿಲ್ಲ. ಕಿವ್ಯಾಗ ಅವನ ಧ್ವನಿ ಅದಲಾ, ಅದೊಂದ ಆಧಾರ," ಅಂದರು. ಸಿನಿಮಾದಲ್ಲಿ ವೈಮಾನಿಕರು ಮಾತುಮಾತಿಗೂ ಹೊರಳಿ ಒಬ್ಬರ ಮುಖ ಒಬ್ಬರು ನೋಡಿ ನಗುವುದು ಅವರಿಗೆ ಎಲ್ಲಕ್ಕಿಂತ ದೊಡ್ಡ ಸುಳ್ಳಾಗಿ ಕಾಣುತ್ತಿತ್ತು. "ಹಾರೂ ಮುಂದ ಅವನ ಮಾರಿ ನಾ ಒಮ್ಮೆನೂ ನೋಡಿಲ್ರಿ."

ಆಮೇಲೆ ಅವರು ಪ್ರತಿ ಭಾನುವಾರ ಬರತೊಡಗಿದರು. ಎಂಜಿನ್ನಿನ ಗದ್ದಲದಲ್ಲಿ ಪಿಸುಮಾತು ಆಡುವ ಪಾತ್ರ ಕಂಡರೆ ಗೊಣಗುವರು. ಸಾಯುವವನು ಉದ್ದ ಭಾಷಣ ಮಾಡಿದರೆ ಎದ್ದು ನೀರು ಕುಡಿದು ಬರುವರು. ನನ್ನ ತಮಾಷೆಯ ಮಾತು ಮಾತ್ರ ಅವರಿಗೆ ಹಿಡಿಸಿತ್ತು. ತಿರುಗಿ ಬರುವಾಗ, ಭಯ ಇಳಿದ ಮೇಲೆ, ತಾವೂ ಇಂಥದೇ ಹುಚ್ಚುಮಾತು ಆಡುತ್ತಿದ್ದೆವು ಅನ್ನುವರು. ಹಾರಾಟದ ದೃಶ್ಯ ಬಂದರೆ ಕುರ್ಚಿಯನ್ನು ಹಿಂದುಮುಂದು ಮಾಡಿ, ಟಿವಿಗೂ ನನಗೂ ಬೆನ್ನು ಹಾಕಿ ಕೂರುವರು. ಕೇಳಿದರೆ, "ನೋಡಿದ್ರ ಸುಳ್ಳ ಅನಸ್ತದ. ಬರೇ ನಿಮ್ಮ ಧ್ವನಿ ಕೇಳಿದ್ರ ಖರೆ ಅನಸ್ತದ," ಅನ್ನುತ್ತಿದ್ದರು. ನನ್ನ ಜೀವನದಲ್ಲಿ ನನಗೆ ಸಿಕ್ಕ ದೊಡ್ಡ ಪ್ರಶಸ್ತಿ ಅದು. ಅವರ ಪೈಲಟ್ ಯಾರು, ಏನಾದ ಎಂಬುದನ್ನು ಅವರು ಹೇಳಿರಲಿಲ್ಲ. ನಾವು ಕೇಳಲೂ ಇಲ್ಲ. ಯಾರೋ ಇಂಗ್ಲಿಷಿನವನಿರಬೇಕೆಂದು ನಾನು ಅಂದುಕೊಂಡಿದ್ದೆ.

ನಾನು ಹೇಳಹೊರಟ ಭಾನುವಾರ ಹಾಕಿದ್ದು ಹಳೆಯ ಕಪ್ಪುಬಿಳುಪು ಚಿತ್ರ. ವಿಮಾನಕ್ಕೆ ಗುಂಡು ತಗುಲಿ ಹೊಗೆ ಏಳುತ್ತದೆ. ಕ್ಯಾಪ್ಟನ್ ಎಲ್ಲರಿಗೂ ಜಿಗಿಯಲು ಹೇಳುತ್ತಾನೆ. ಬಾಲದಲ್ಲಿ ಕೂತವನಿಗೆ ಮಾತ್ರ ಏನೂ ಕೇಳಿಸುತ್ತಿಲ್ಲ. ಅವನು ಮೈಕಿನಲ್ಲಿ ಕೂಗುತ್ತಲೇ ಇದ್ದಾನೆ. ನಾನು ರಂಗಿನಲ್ಲಿದ್ದೆ.

"ಸಾಹೇಬ್ರ! ಕೇಳಸ್ತದೇನ್ರಿ? ನಾ ಜಿಗೀಲೇನ್ರಿ? ನಮ್ಮ ಮನ್ಯಾಗ ಹೋಳಿಗಿ ಮಾಡ್ಯಾರ್ರಿ, ಆರಿ ಹೋಗ್ತಾವ! ಸಾಹೇಬ್ರ, ಓ ಅನ್ರಿ!"

ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಅಷ್ಟರಲ್ಲಿ ಶೆಟ್ಟರು ಬಿಸಿ ಗೋಳಿಬಜೆಯ ತಟ್ಟೆ ಮುಂದೆ ಹಿಡಿದರು. ನಗು ಇಳಿಯುವವರೆಗೆ ಹೇಗೂ ಬಿಡುವಿದೆಯೆಂದು ಒಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡೆ. ನಾಲಿಗೆ ಸುಟ್ಟಿತು. ನುಂಗಲಾರದೆ, ಉಗುಳಲಾರದೆ ಕಣ್ಣಲ್ಲಿ ನೀರು ತಂದುಕೊಂಡು ಕೂತೆ. ಪರದೆಯ ಮೇಲೆ ಕ್ಯಾಪ್ಟನ್ನಿನ ಮಾಸ್ಕ್ ಹಾಕಿದ ಮುಖ.

ಆಗ ಯಾರೋ ಮೈಕಿಗೆ ಊದಿದ ಸದ್ದಾಯಿತು. ಫೂ, ಫೂ. ಆಮೇಲೆ ಒಂದು ಗಂಡುದನಿ. ಎಳೆಯ ವಯಸ್ಸಿನದು. ಅವಸರವಿಲ್ಲ.

"ಹೋ, ಐಕತೋಯ್. ತೂ ಜಾ."

ಮರಾಠಿ. ಹೂಂ, ಕೇಳ್ತಿದ್ದೀನಿ, ನೀನು ಹೋಗು ಅಂತ.

ಕೋಣೆಯಲ್ಲಿ ಚಪ್ಪಾಳೆ ಬಿತ್ತು. "ಎಂತ ಮಾರಾಯ್ರೇ, ಮರಾಠಿ ಇಷ್ಟು ಚಂದ ಬರ್ತದಾ ನಿಮಗೆ? ಇಷ್ಟು ದಿನ ಹೇಳಲೇ ಇಲ್ಲ!" ಅಂದರು ಶೆಟ್ಟರು. ಎಲ್ಲರ ಕಣ್ಣು ಪರದೆಯ ಮೇಲಿತ್ತು. ನನ್ನ ಬಾಯನ್ನು ನೋಡಿದವರು ಒಬ್ಬರೂ ಇಲ್ಲ. ನಾನು ಟಿವಿಯನ್ನು ನೋಡಿದೆ. ದನಿ ಸೊನ್ನೆಯಲ್ಲೇ ಇತ್ತು. ನನ್ನ ಮರಾಠಿ ಎಂಥದೆಂದರೆ ಮಂಡಿಯ ಕಾಯಿಪಲ್ಲೆಯವಳು ನಾನು ಬಾಯಿ ತೆರೆದ ಕೂಡಲೇ "ಕಾನಡೀ ಕಾಕಾ ಆಲೇ", ಕನ್ನಡದ ಕಾಕಾ ಬಂದರು, ಎಂದು ನಗುತ್ತಾಳೆ. ಕೇಳಿದ ದನಿ ಅಪ್ಪಟ ಹಳೆ ಪುಣೆಯ ಮನೆಗಳದು.

ನಾಡಗೌಡರು ನಮಗೆ ಬೆನ್ನು ಹಾಕಿ ಕೂತಿದ್ದರಲ್ಲ, ಹಾಗೇ ಎದ್ದು ನಿಂತರು. ಕುರ್ಚಿಯ ಬೆನ್ನು ಹಿಡಿದುಕೊಂಡರು. ಹಿಂದಿರುಗಿ ನೋಡಲಿಲ್ಲ. ಮೆಟ್ಟಿಲು ಇಳಿದು ಹೋಗಿಬಿಟ್ಟರು.

ಮರುದಿನ ಸಂಜೆ ಅವರು ನಮ್ಮ ಮನೆಗೆ ಬಂದರು. ಹೆಂಡತಿ ಚಹಾ ತಂದಿಟ್ಟಳು. ಅದನ್ನು ಮುಟ್ಟದೆ ಕೇಳಿದರು: "ನಿಮಗ ಯಾರು ಹೇಳಿದ್ರು?"

"ಏನ್ರಿ?"

"ಅಂವ ಊದತಿದ್ದದ್ದು. ಮಾತಾಡೂಕಿಂತ ಮೊದಲ ಎರಡು ಸಲ ಊದತಿದ್ದ. ನಾ ಯಾರ ಮುಂದೂ ಹೇಳಿಲ್ಲ."

ಆಮೇಲೆ ಎಲ್ಲವನ್ನೂ ಹೇಳಿದರು. ಅವರ ಪೈಲಟ್ ಪುಣೆಯ ಹುಡುಗ. ಯಾರೂ ಕೇಳದಿದ್ದಾಗ ಇವರೊಡನೆ ಮರಾಠಿಯಲ್ಲೇ ಮಾತಾಡುತ್ತಿದ್ದ. ಒಂದು ಬೆಳಿಗ್ಗೆ ಕಾಡಿನ ಮೇಲೆ ವಿಮಾನಕ್ಕೆ ಪೆಟ್ಟು ಬಿತ್ತು. ಇವರು ಮೈಕಿನಲ್ಲಿ ಕರೆದರು. ಕೇಳಿಸ್ತಿದೆಯಾ, ನಾನು ಜಿಗಿಯಲಾ ಅಂತ ಕೇಳುತ್ತಲೇ ಇದ್ದರು. ಕಿವಿಯಲ್ಲಿ ಏನೂ ಇಲ್ಲ. ತಂತಿ ಕಡಿದಿತ್ತೋ, ಅವನೇ ಹೋಗಿಬಿಟ್ಟಿದ್ದನೋ. ಹೊರಳಿ ನೋಡಲು ಆಗುವ ಜಾಗವಲ್ಲ. ಕೊನೆಗೆ ಜಿಗಿದರು. ಪ್ಯಾರಾಚೂಟ್ ಬಿಚ್ಚಿದ ಮೇಲೆ ನೋಡಿದರೆ ವಿಮಾನ ಇನ್ನೂ ನೆಟ್ಟಗೆ ಹಾರುತ್ತಿತ್ತಂತೆ. ಯಾರೋ ಹಿಡಿದು ನಡೆಸುತ್ತಿದ್ದ ಹಾಗೆ. ಆಮೇಲೆ ಗುಡ್ಡದ ಹಿಂದೆ ಹೊಗೆ ಎದ್ದಿತು.

"ಜೀವ ಇದ್ದಾಂವನ ಬಿಟ್ಟು ಬಂದ್ನೋ ಏನೋ. ಇಷ್ಟು ವರ್ಷ ಅದೊಂದ ಕೊರೀತದ ನನಗ. ಅವನ ತಾಯಿ ಇಲ್ಲೇ ಪುಣೇದಾಗ ಇದ್ದರು. ನನ್ನ ಮಗಾ ಕಡೀಕ ಏನಂದಾ ಅಂತ ಕೇಳಿದ್ರು. ಏನ್ ಹೇಳ್ಲಿ? ನನಗ ಹೋಗು ಅಂತ ಯಾರ ಅಂದಾರ?"

ಆಮೇಲೆ ನನ್ನ ಕಡೆ ಬಾಗಿ ಅಂದರು: "ಖರೆ ಹೇಳ್ರಿ. ನೀವು ಚೇಷ್ಟೆ ಮಾಡಿದ್ರೂ ನಾ ಸಿಟ್ಟಾಗಂಗಿಲ್ಲ. ನೀವ ಅಂದ್ರೇನು ಅದನ್ನ?"

ಹೊಗಳಿಕೆ ಬಂದರೆ ಬೇರೆಯವರದನ್ನೂ ನನ್ನದೆಂದು ಎತ್ತಿಕೊಳ್ಳುವವನು ನಾನು. ಅವತ್ತು ಮೊದಲ ಬಾರಿ, "ನಾನಲ್ರಿ," ಅಂದೆ. "ನನ್ನ ಬಾಯಾಗ ಗೋಳಿಬಜೆ ಇತ್ತು."

ಹೇಳಿದ ಕೂಡಲೇ ಗೊತ್ತಾಯಿತು, ನನ್ನ ಎಲ್ಲ ಸುಳ್ಳುಗಳಿಗಿಂತ ಇದೇ ಹೆಚ್ಚು ತಮಾಷೆಯಾಗಿ ಕೇಳುತ್ತದೆ ಅಂತ. ಅವರು ನಗಲಿಲ್ಲ. ಎದ್ದರು. ತಮ್ಮ ಕುರ್ಚಿಯನ್ನು ಬಾಲ್ಕನಿಯ ಕಡೆ ತಿರುಗಿಸಿ ನನಗೆ ಬೆನ್ನು ಹಾಕಿ ಕೂತರು.

"ಈಗ ಅನ್ರಿ," ಅಂದರು. "ಹಂಗ ಊದಿ, ಹಂಗ ಅನ್ರಿ."

ನನ್ನ ಸಂಕಟ ನಿಮಗೆ ಅರ್ಥವಾಗಬೇಕು. ನಾನು ಚೆನ್ನಾಗಿ ಅಂದುಬಿಟ್ಟರೆ ನಿನ್ನೆಯದೂ ನನ್ನದೇ ಎಂದಾಗುತ್ತದೆ. ಇಷ್ಟು ವರ್ಷದ ಮೇಲೆ ಅವರಿಗೆ ಸಿಕ್ಕ ಒಂದು ಮಾತು ನನ್ನ ಮಂಗಾಟವಾಗಿಬಿಡುತ್ತದೆ. ಬೇಕೆಂದೇ ಕೆಡಿಸಿದರೆ ಅವರಿಗೆ ತಿಳಿಯುತ್ತದೆ. ಅಷ್ಟು ಭಾನುವಾರ ಬೆನ್ನು ಹಾಕಿ ಕೂತು ನನ್ನ ದನಿಯನ್ನೇ ಕೇಳಿದವರು ಅವರು. ಹೆಂಡತಿ ಒಳಗಿನ ಬಾಗಿಲಲ್ಲಿ ನಿಂತು, ಆಡಬೇಡಿ ಎಂಬಂತೆ ಕೈ ಮಾಡಿದಳು. ಆದರೂ ಊದಿದೆ, ಎರಡು ಸಲ. "ಹೋ, ಐಕತೋಯ್. ತೂ ಜಾ." ಇದ್ದ ವಿದ್ಯೆಯನ್ನೆಲ್ಲ ಸುರಿದು ಅಂದೆ.

ಅವರು ಅಲುಗಲಿಲ್ಲ. ಹೊರಗೆ ಲೋಹಗಾಂವ ಕಡೆಗೆ ಒಂದು ವಿಮಾನ ಇಳಿಯುತ್ತಿತ್ತು. ಆ ಸದ್ದು ಹೋಗುವವರೆಗೆ ಕಾದು, "ಇನ್ನೊಮ್ಮೆ," ಅಂದರು.

ಇನ್ನೊಮ್ಮೆ ಅಂದೆ.

"ಅಲ್ಲ," ಅಂದರು. "ಇದು ನೀವು."

ಅವರ ಭುಜ ಅಲುಗತೊಡಗಿತು. ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ತಿಳಿಯಲಿಲ್ಲ. ನನಗೆ ಕಾಣುತ್ತಿದ್ದದ್ದು ಬೆನ್ನು ಮಾತ್ರ. ಎಷ್ಟೋ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಈ ಕಡೆ ತಿರುಗಿದರು. ಆರಿ ತಣ್ಣಗಾದ ಚಹಾವನ್ನು ಪೂರ್ತಿ ಕುಡಿದು, "ಭಾಳ ಛಲೋ ಆತ್ರಿ," ಎಂದು ಹೆಂಡತಿಗೆ ಹೇಳಿ ಹೋದರು.

ಮತ್ತೆಂದೂ ಅವರು ಭಾನುವಾರದ ಚಿತ್ರಕ್ಕೆ ಬರಲಿಲ್ಲ. ಕಾಫಿಗೆ ಬರುತ್ತಿದ್ದರು. ಮೊದಲಿಗಿಂತ ಹೆಚ್ಚು ಮಾತಾಡುತ್ತಿದ್ದರು, ಜಗಳವಾಡಿ ಸಕ್ಕರೆ ಹೆಚ್ಚು ಹಾಕಿಸಿಕೊಳ್ಳುತ್ತಿದ್ದರು. ಕೆಲವು ವರ್ಷಗಳ ಮೇಲೆ ನಿದ್ದೆಯಲ್ಲಿ ಹೋದರು. ಅವರಿಗೆ ಉತ್ತರ ಸಿಕ್ಕಿತ್ತು. ಅದನ್ನು ಕೊಟ್ಟವರು ಯಾರು ಎಂಬ ಪ್ರಶ್ನೆಯನ್ನು ನನ್ನ ತಲೆಗೆ ಕಟ್ಟಿ ಹೋದರು.

ನಾನು ಸುಮ್ಮನೆ ಕೂತಿಲ್ಲ. ಕೆಳಗಿನ ಗಲ್ಲಿಯಲ್ಲಿ ಯಾರೋ ಯಾರಿಗೋ ಕೂಗಿ ಹೇಳಿರಬಹುದು ಅಂದುಕೊಂಡೆ. ಇರಬಹುದು, ಆದರೆ ಊದಿದ್ದು? ನನಗೇ ತಿಳಿಯದೆ ನಾನೇ ಅಂದಿರಬಹುದೇ ಎಂದು ಒಂದು ದಿನ ಬಾಯಿ ತುಂಬ ಗೋಳಿಬಜೆ ತುಂಬಿಕೊಂಡು ಕನ್ನಡಿಯ ಮುಂದೆ ನಿಂತು ಆ ಮಾತು ಅನ್ನಲು ನೋಡಿದೆ. "ಹುಚ್ಚ ಹಿಡದದೇನ್ರಿ ನಿಮಗ?" ಎಂದು ಹೆಂಡತಿ ಬೆನ್ನಿಗೆ ಗುದ್ದಿ ನೀರು ಕುಡಿಸಿದಳು. ಅವತ್ತು ಮನೆಯಲ್ಲಿ ಎರಡನೆಯ ಸಲ ಅಂದಾಗ ನಾನು ನಿಜವಾಗಿಯೂ ಪೂರ್ತಿ ಪ್ರಯತ್ನ ಮಾಡಿದೆನೇ, ಅಥವಾ ಅವರ ಬೆನ್ನು ನೋಡಿ ನನ್ನ ಗಂಟಲೇ ಹಿಂಜರಿಯಿತೇ? ಅದೂ ನನಗೆ ಗೊತ್ತಿಲ್ಲ. ಗಂಟಲು ನನ್ನದೇ. ಆದರೂ ಗೊತ್ತಿಲ್ಲ.

ಶೆಟ್ಟರು ಈಗಲೂ ಹೊಸಬರ ಮುಂದೆ ನನ್ನನ್ನು ಹೊಗಳುತ್ತಾರೆ. "ಇವರು ಒಂದು ಸಲ ಮರಾಠಿಯಲ್ಲಿ ಒಂದೇ ಒಂದು ಮಾತು ಬಿಟ್ಟರು ನೋಡಿ, ಅಷ್ಟು ಚಂದ ಮತ್ತೆ ಬರಲೇ ಇಲ್ಲ!" ಅನ್ನುತ್ತಾರೆ. ಅದು ನಾನಲ್ಲ ಅನ್ನುತ್ತೇನೆ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಾರೆ. ಟಿವಿಯಲ್ಲಿ ಎಂದಾದರೂ ಬಾಂಬರ್ ವಿಮಾನದ ಚಿತ್ರ ಬಂದರೆ, ನೀವು ಆಡ್ರಿ, ಟಿವಿಯ ದನಿ ಬಂದ್ ಮಾಡ್ತೇವೆ ಅನ್ನುತ್ತಾರೆ. ಬೇಡ, ದನಿ ಇರಲಿ ಅನ್ನುತ್ತೇನೆ. ಮಾಸ್ಕ್ ಹಾಕಿದ ಪೈಲಟ್ಟಿನ ಮುಖ ಬಂದಾಗ ನಾನು ಈಗ ಪರದೆಯನ್ನು ನೋಡುವುದಿಲ್ಲ. ಕೈಯನ್ನು ಬಾಯಿಯ ಮೇಲೆ ಇಟ್ಟುಕೊಂಡು ಕೂರುತ್ತೇನೆ.