ಅವ್ವ ಕೂರದ ಕಾರು

ನಮ್ಮ ಮನೆಯಲ್ಲಿ ಗಾಳಿಯ ವಿಷಯಕ್ಕೆ ಅವ್ವನದೇ ಕೊನೆಯ ಮಾತು. ರೇಷ್ಮೆ ಹುಳು ಮನೆಯ ಯಾವ ಕಿಟಕಿ ಎಷ್ಟು ಹೊತ್ತು ತೆರೆದಿರಬೇಕು, ಯಾವುದಕ್ಕೆ ಒದ್ದೆ ಗೋಣಿತಾಟು ಕಟ್ಟಬೇಕು, ಬಾಗಿಲಲ್ಲಿ ನಿಂತವನು ಬೀಡಿ ಸೇದಿ ಬಂದಿದ್ದಾನೋ ಊದುಬತ್ತಿ ಹಚ್ಚಿ ಬಂದಿದ್ದಾನೋ, ಎಲ್ಲವನ್ನೂ ಅವಳು ಮೂಗಿನಲ್ಲೇ ತೀರ್ಮಾನ ಮಾಡುತ್ತಾಳೆ. ಬೈರಾಪಟ್ಟಣದ ಆಚೆಗಿರುವ ನಮ್ಮೂರಿನಲ್ಲಿ ರೇಷ್ಮೆ ಹುಳು ಸಾಕುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಸೆಂಟು ಹಾಕಿಕೊಂಡು ಲಗ್ನಪತ್ರಿಕೆ ಕೊಡಲು ಬಂದ ಮದುವೆ ಗಂಡನ್ನೇ ಬೀದಿಯಲ್ಲಿ ನಿಲ್ಲಿಸಿ, ಪತ್ರಿಕೆಯನ್ನು ಮಾತ್ರ ಈಸಿಕೊಂಡು ಕಳಿಸಿದವಳು ಅವ್ವ ಒಬ್ಬಳೇ.

ಹುಳು ಮನೆಗೆ ಹೋಗುವವರು ಯಾರೇ ಆಗಲಿ, ಬಾಗಿಲಲ್ಲಿಟ್ಟ ಬೋಗುಣಿಯ ನೀರಿನಲ್ಲಿ ಕಾಲು ತೊಳೆದೇ ಒಳಗೆ ಹೋಗಬೇಕು. ಹುಳು ಜ್ವರಕ್ಕೆ ಕೂತಾಗಲಂತೂ ಮಾತೂ ಆಡುವಂತಿಲ್ಲ. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು, ತಲೆಯೆತ್ತಿ, ಒಂದು ದಿನ ಅಲುಗದೆ ಕೂರುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಆಗ ನಾನು ಏನಾದರೂ ಕೇಳಲು ಹೋದರೆ ಅವ್ವ ಬಾಯಿಯ ಮೇಲೆ ಬೆರಳಿಟ್ಟು, ಕಣ್ಣು ದೊಡ್ಡದು ಮಾಡಿ, ನನ್ನನ್ನು ಹಾಗೇ ಹಿಂದಕ್ಕೆ ಕಳಿಸುತ್ತಾಳೆ. ಹುಳುವಿಗೆ ಕಿವಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಆಗಿಲ್ಲ.

ಇಂಥ ಅವ್ವನಿಗೆ ದಮ್ಮು. ಧೂಳು ಕಂಡರೆ ಎದೆ ಕಟ್ಟುತ್ತದೆ, ಹೊಗೆ ಕಂಡರೆ ಉಸಿರು ಸೀಟಿ ಹೊಡೆಯುತ್ತದೆ. ಕನಕಪುರದ ಆಚೆಯ ಹಳ್ಳಿಯಲ್ಲಿರುವ ದೊಡ್ಡವ್ವ, ಅಂದರೆ ಅವ್ವನ ಒಬ್ಬಳೇ ಅಕ್ಕ, ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗ ಬಸ್ಸಿನಲ್ಲಿ ಹೋಗಲು ಅವ್ವನಿಗೆ ಆಗಲಿಲ್ಲ. ಅದಕ್ಕೇ ನಾನು ಬಿಡದಿಯ ಕಾರ್ಖಾನೆಯೊಂದರ ನೌಕರರೊಬ್ಬರಿಂದ ಹಳೆಯ ಕಾರು ಕೊಂಡೆ. ಕಾರು ಕೊಂಡ ಕಾರಣ ಇದೊಂದೇ ಎಂದು ಊರಿಗೆಲ್ಲ ಹೇಳಿದೆ. ಅರ್ಧ ನಿಜ.

ಹೊರಡಬೇಕು ಹೊರಡಬೇಕು ಎನ್ನುತ್ತಲೇ ನಾಲ್ಕು ಬೆಳೆ ಕಳೆದು, ಹಿಂದಿನ ಬೆಳೆ ಮುಗಿದಾಗ ಅವ್ವನನ್ನು ಕೂರಿಸಿಕೊಂಡು ಹೊರಟೆ. ಚನ್ನಪಟ್ಟಣ ದಾಟಿ ರಾಮನಗರ ಮುಟ್ಟುವಷ್ಟರಲ್ಲಿ ಅವ್ವನ ಕೆಮ್ಮು ಹತೋಟಿ ತಪ್ಪಿತು. ಗಾಜು ಇಳಿಸಿದರೆ ರಸ್ತೆಯ ಧೂಳು, ಏರಿಸಿ ಎಸಿ ಹಾಕಿದರೆ ಒಳಗೊಂದು ಮುಗ್ಗಲು ವಾಸನೆ. ದಮ್ಮಿನ ಔಷಧಿಯ ಪಂಪು ಬಾಯಿಗಿಟ್ಟು ಎರಡು ಸಲ ಎಳೆದುಕೊಂಡರೂ ಉಸಿರು ಹಿಡಿತಕ್ಕೆ ಬರದೆ, ಕಾರು ತಿರುಗಿಸಿಕೊಂಡು ವಾಪಸ್ಸು ಬಂದೆವು. ಇಳಿಯುವಾಗ ಅವ್ವ ಅಂದಳು:

"ಇದ್ಕಿಂತ ಬಸ್ಸೇ ವಾಸಿ ಕಣ್ಲಾ. ಅದ್ರಾಗೆ ವಾಸ್ನೆಯಾದ್ರೂ ಎಲ್ರಿಗೂ ಹಂಚ್ಕಂಡೋಯ್ತದೆ."

ಅಲ್ಲಿಂದ ಅವಳು ಕಾರು ಹತ್ತಲಿಲ್ಲ. ಊರಿನವರು ಅದಕ್ಕೆ 'ಅವ್ವ ಕೂರದ ಕಾರು' ಎಂದು ಹೆಸರಿಟ್ಟರು. ಯಾರಿಗಾದರೂ ಗುರುತು ಹೇಳಬೇಕಾದರೆ, ಅವ್ವ ಕೂರದ ಕಾರು ನಿಂತಿರುತ್ತಲ್ಲ ಅದರ ಪಕ್ಕದ ಸಂದಿ, ಎನ್ನುವ ಮಟ್ಟಕ್ಕೆ ಬಂತು.

ಹುಳು ಸಾಕುವವರಿಗೆ ರಜೆ ಎಂದರೆ ಎರಡು ಬೆಳೆಗಳ ನಡುವಿನ ಒಂದು ವಾರ. ಈ ಸಲ ರೇಷ್ಮೆ ಗೂಡು ಮಾರಿ ಬಂದ ಮೇಲೆ, ಮುಂದಿನ ಬೆಳೆಯ ಮರಿ ಹುಳು ಸೋಮವಾರ ಬರುವುದಿತ್ತು. ಬುಧವಾರ ಸಂಜೆ ದೊಡ್ಡವ್ವ ಫೋನಿನಲ್ಲಿ, "ನೀನು ಬರೋಗಂಟ ನಾನಿದ್ರೆ ತಾನೆ?" ಅಂದಳು. ಅವ್ವ ಫೋನು ನನ್ನ ಕೈಗೆ ಕೊಟ್ಟು ದನದ ಕೊಟ್ಟಿಗೆಯ ಕಡೆ ಹೋದಳು. ಕೊಟ್ಟಿಗೆಯಲ್ಲಿ ಆ ಹೊತ್ತಿನಲ್ಲಿ ಅವಳಿಗೆ ಯಾವ ಕೆಲಸವೂ ಇರಲಿಲ್ಲ. ಭಾನುವಾರದೊಳಗೆ ಅವಳನ್ನು ಅಕ್ಕನ ಮುಂದೆ ಕೂರಿಸದಿದ್ದರೆ ನಾನು ಕಾರು ಇಟ್ಟುಕೊಂಡು ಏನು ಪ್ರಯೋಜನ ಎಂದು ಅವತ್ತು ನನಗೆ ನಾಚಿಕೆಯಾಯಿತು.

ಸರ್ವೀಸ್ ಮಾಡುವ ಕಡೆ ಫೋನು ಮಾಡಿ ಕೇಳಿದೆ. ಕಾರಿನೊಳಕ್ಕೆ ಬರುವ ಗಾಳಿಯನ್ನು ಸೋಸುವುದಕ್ಕೆ ಒಂದು ಫಿಲ್ಟರ್ ಇರುತ್ತದೆ, ಬದಲಾಯಿಸಿ, ಎಂದರು. ಅವರು ಹೇಳಿದ ಬೆಲೆ ಕೇಳಿ ನಾನೇ ಬದಲಾಯಿಸಿಕೊಳ್ಳುತ್ತೇನೆ ಎಂದೆ. ಆ ಕಡೆಯವರು ನಕ್ಕ ಹಾಗಾಯಿತು.

ಗುರುವಾರ ಬೆಳಿಗ್ಗೆ ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು ಕೂತೆ. ಕೆಲಸ ಅಷ್ಟೇನಿರಲಿಲ್ಲ. ಮುಂದಿನ ಸೀಟಿನ ಎದುರಿಗಿರುವ ಡಬ್ಬಿಯನ್ನು ಖಾಲಿ ಮಾಡಿ, ಅದರ ಎರಡೂ ಮಗ್ಗುಲು ಒಳಕ್ಕೆ ಒತ್ತಿದರೆ ಅದು ಮುಂದಕ್ಕೆ ಜೋತು ಬೀಳುತ್ತದೆ. ಅದರ ಹಿಂದೆ ಒಂದು ಉದ್ದನೆಯ ಮುಚ್ಚಳ. ಮುಚ್ಚಳ ತೆಗೆದು, ಒಳಗಿನದನ್ನು ಎಳೆದರೆ ಮುಗಿಯಿತು. ಸ್ಕ್ರೂಡ್ರೈವರ್ ಕೂಡ ಬೇಡ. ವಿಡಿಯೋದವನು ಎರಡು ನಿಮಿಷದಲ್ಲಿ ಮುಗಿಸಿದ್ದನ್ನು ನಾನು ಒಂದು ಗಂಟೆಯಲ್ಲಿ ಮುಗಿಸಿದೆ. ಅದರಲ್ಲಿ ಅರ್ಧ ಗಂಟೆ ಡಬ್ಬಿಯಲ್ಲಿ ಸಿಕ್ಕಿದ ಹಳೆಯ ಚೀಟಿಗಳನ್ನು ಓದುವುದರಲ್ಲೇ ಹೋಯಿತು.

ಎಳೆದು ತೆಗೆದಾಗ ಬಂದದ್ದು ಫಿಲ್ಟರ್ ಅಲ್ಲ, ಬೂದು ಬಣ್ಣದ ಕಂಬಳಿಯ ತುಂಡು. ನೆರಿಗೆ ನೆರಿಗೆಯಾಗಿ ಮಡಿಚಿದ ಕಾಗದದಂಥದ್ದರ ತುಂಬ ನವಿರು ಎಳೆಗಳು, ಒಣಗಿದ ಸೊಪ್ಪಿನ ಪುಡಿ, ನಡುವೆ ಕರಿ ಸಾಸಿವೆಯಂಥ ಹುಳುವಿನ ಹಿಕ್ಕೆ.

"ಬಿಡದಿಯವರು ಹೆಂಗ್ ಇಟ್ಕೊಂಡವ್ರೆ ನೋಡು ಕಾರ್ನ," ಎಂದು ಹೆಂಡತಿಗೆ ತೋರಿಸಿದೆ.

ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಯಾಕೆ, ಬಿಡದೀಲಿ ಅವ್ರು ತಾವಿದ್ದ ಮೂರ್ನೇ ಮಹಡಿ ಮನೇಲಿ ಹುಳ ಸಾಕ್ತಿದ್ರಾ?"

ಕಾರಿನಲ್ಲಿ ಗೂಡು ತುಂಬುವುದಿಲ್ಲ ಎಂದು ಕೊಂಡ ದಿನವೇ ಅವಳಿಗೆ ಮಾತು ಕೊಟ್ಟಿದ್ದೆ. ಮೊದಲ ಸಲ ಟೆಂಪೋದವನು ಕೈಕೊಟ್ಟದ್ದಕ್ಕೆ, ಎರಡನೆಯ ಸಲ ಮೊದಲನೆಯ ಸಲ ಸಲೀಸಾಗಿ ಆಗಿದ್ದಕ್ಕೆ, ಆಮೇಲೆ ಕಾರಣ ಹುಡುಕುವುದನ್ನೂ ಬಿಟ್ಟು, ಪ್ರತಿ ಬೆಳೆಯನ್ನೂ ಹಿಂದಿನ ಸೀಟಿನ ಮೇಲೆ ಹೇರಿಕೊಂಡು ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗುತ್ತಿದ್ದೆ.

"ಇದ್ರಲ್ಲಿ ನೂಲು ತೆಗುಸ್ದ್ರೆ ನಂಗೊಂದ್ ರವಿಕೆಗಾಯ್ತದೆ," ಎಂದು ಹೆಂಡತಿ ಒಳಗೆ ಹೋದಳು.

ಹೊಸದು ತರಬೇಕಿತ್ತು. ಆದರೆ ಅವತ್ತೇ ಹುಳು ಮನೆ ತೊಳೆಯುವ ದಿನ. ಸುಣ್ಣದ ನೀರಿಗೆ ಬ್ಲೀಚಿಂಗ್ ಪೌಡರ್ ಕಲಸಿ ಡ್ರಮ್ಮಿನಲ್ಲಿ ಇಟ್ಟಿದ್ದೆ. ಆ ಘಾಟು ಆಗುವುದಿಲ್ಲವೆಂದು ಅವ್ವ ಪಕ್ಕದ ಬೀದಿಯ ನೆಂಟರ ಮನೆಗೆ ಹೋಗಿದ್ದಳು. ನಮ್ಮ ವಂಶದಲ್ಲಿ ಹುಳು ಮನೆಗೆ ಒಳ್ಳೆಯದಾದದ್ದು ಜಗತ್ತಿಗೆಲ್ಲ ಒಳ್ಳೆಯದು ಎಂಬ ನಂಬಿಕೆ ಇದೆ. ಗೋಡೆ ತೊಳೆದೆ, ನೆಲ ತೊಳೆದೆ, ಸ್ಟ್ಯಾಂಡು ತೊಳೆದೆ. ಕೈಯಲ್ಲಿ ಫಿಲ್ಟರ್ ಇತ್ತು, ಅದನ್ನೂ ಡ್ರಮ್ಮಿನಲ್ಲಿ ಅದ್ದಿದೆ. ಆಮೇಲೆ ಚಂದ್ರಿಕೆಯ ಮೇಲೆ, ಅಂದರೆ ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಯ ಮೇಲೆ, ಬಿಸಿಲಿಗೆ ಒಣಗಲು ಇಟ್ಟೆ. ಸಂಜೆಗೆ ಅದು ಹಪ್ಪಳದ ಹಾಗೆ ಗರಿಗರಿಯಾಗಿ, ಬೆಳ್ಳಗೆ, ಹೊಸದರಂತೆ ಕಾಣುತ್ತಿತ್ತು. ಅದನ್ನೇ ಮತ್ತೆ ಕಾರಿಗೆ ಹಾಕಿ, ಖರ್ಚಿಲ್ಲದೆ ಕೆಲಸ ಮುಗಿಸಿದ ಹೆಮ್ಮೆಯಲ್ಲಿ ಅವತ್ತು ಎರಡು ಮುದ್ದೆ ಉಂಡೆ.

ಶುಕ್ರವಾರ ಅವ್ವನನ್ನು ಹೇಗೋ ಒಪ್ಪಿಸಿದೆ. ಒಳ್ಳೆಯ ಸೀರೆ ಉಟ್ಟು, ಅಕ್ಕನಿಗೆಂದು ಮಾಡಿದ ರವೆ ಉಂಡೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನು ಬೀಗುತ್ತಾ ಎಸಿ ಹಾಕಿದೆ. ಕಿಂಡಿಯಿಂದ ಬಿಳಿಯ ಪುಡಿ ಬುಸ್ಸೆಂದು ಹಾರಿ ಇಬ್ಬರ ಮುಖಕ್ಕೂ ಬಡಿಯಿತು. ನನ್ನ ಕಣ್ಣು ಉರಿದು ಏನೂ ಕಾಣಲಿಲ್ಲ. ಅವ್ವ ಅಷ್ಟರಲ್ಲೇ ಬಾಗಿಲು ತೆಗೆದುಕೊಂಡು ಕೆಳಗಿಳಿದಿದ್ದಳು.

ಜಗುಲಿಯ ಮೇಲೆ ಕೂತು ಪಂಪು ಎಳೆದುಕೊಂಡ ಅವಳ ಬೆನ್ನು ಉಜ್ಜುತ್ತಾ ಎಷ್ಟೋ ಹೊತ್ತು ನಿಂತಿದ್ದೆ. ಉಸಿರು ಸಮಕ್ಕೆ ಬಂದ ಮೇಲೆ ಅವ್ವ ಸೆರಗಿನಿಂದ ಮುಖದ ಸುಣ್ಣ ಒರೆಸಿಕೊಂಡು ನಕ್ಕುಬಿಟ್ಟಳು.

"ಬ್ಲೀಚಿಂಗ್ ಹೊಡುದ್ಮೇಲೆ ಹುಳಾನೂ ಮೂರ್ ದಿನ ಒಳಕ್ ಬುಡಾಕಿಲ್ಲ ಕಣ್ಲಾ. ನಾನೇನ್ ಹುಳಕ್ಕಿಂತ ಕಡೆಯಾ?"

ಅವಳು ತಮಾಷೆಗೇ ಅಂದದ್ದು. ನನಗೆ ಮಾತ್ರ ಚುಚ್ಚಿತು. ಹುಳು ಮನೆಗೆ ಆರು ಕಿಟಕಿ, ಗಾಳಿ ಎಳೆಯುವ ಎರಡು ಫ್ಯಾನು, ಸೆಖೆ ನೋಡುವುದಕ್ಕೆ ಗೋಡೆಗೊಂದು ಮೀಟರು. ಅವ್ವ ಮಲಗುವ ಕೋಣೆಗೆ ಇರುವುದು ಒಂದೇ ಕಿಟಕಿ, ಅದಕ್ಕೂ ನಾನು ರಸಗೊಬ್ಬರದ ಚೀಲ ಒರಗಿಸಿದ್ದೆ. ಅವತ್ತೇ ಚೀಲ ತೆಗೆದೆ.

ಶನಿವಾರ ಬೆಳಿಗ್ಗೆ ಹಳೆಯ ಫಿಲ್ಟರನ್ನು ಚೀಲಕ್ಕೆ ಹಾಕಿಕೊಂಡು ರಾಮನಗರದ ಬಿಡಿಭಾಗದ ಅಂಗಡಿಗೆ ಹೋದೆ. ಅಂಗಡಿಯ ಭಾಯ್ ನೂಲು ತೆಗೆಯುವವರ ಮನೆತನದವರು. ಅವರ ಅಣ್ಣ ಇನ್ನೂ ಅದೇ ಕೆಲಸದಲ್ಲಿದ್ದಾರೆ. ಫಿಲ್ಟರ್ ಕೈಗೆ ತೆಗೆದುಕೊಂಡು, ಮೂಸಿ ನೋಡಿ, ನಗುತ್ತಾ ಹಣೆ ಬಡಿದುಕೊಂಡರು.

"ಗೌಡ್ರೇ, ಇದು ಪೇಪರು! ಹುಳು ಮನೆ ಅಲ್ಲ, ಬ್ಲೀಚಿಂಗ್ ಹೊಡೆಯೋಕೆ."

"ತೊಳುದ್ರೆ ಸರ್ಯೋಯ್ತದೆ ಅನ್ಕಂಡೆ ಭಾಯ್."

"ಗೂಡು ತುಂಬ್ಕೊಂಡು ಬರೋವಾಗ ಗಾಳಿ ಬಟನ್ ಒಳಗಡೆಗೆ ಇಟ್ಟಿರ್ತೀರಿ, ಅಲ್ವಾ?"

ಹೌದು ಎಂದೆ. ಲಾರಿಗಳ ಹೊಗೆ ಬರಬಾರದೆಂದು ಯಾವಾಗಲೂ ಹಾಗೇ ಇಡುತ್ತಿದ್ದೆ.

"ಮತ್ತೆ ಒಳಗಿನ ಗಾಳೀನೇ ಸುತ್ತಿ ಸುತ್ತಿ ಇದ್ರೊಳಗೆ ಹೋಗುತ್ತೆ. ಗೂಡಿನ ಎಳೆ ಎಲ್ಲಾ ಇಲ್ಲಿ ಕೂತ್ಕೊಳ್ಳುತ್ತೆ. ಯಾರಿಗೆ ತೊಂದ್ರೆ ಆಗಿದ್ದು?"

ಅವ್ವನ ದಮ್ಮಿನ ಸಂಗತಿ ಹೇಳಿದೆ. ಅವರ ನಗು ನಿಂತಿತು. ತಮ್ಮ ತಾಯಿಗೂ ನೂಲಿನ ಒಲೆಯ ಮುಂದೆ ಕೂತು ಕೂತು ಅದೇ ಆಗಿದೆ ಎಂದರು. ಎರಡು ಡಬ್ಬಿ ತೆಗೆದಿಟ್ಟರು. ಬಿಳಿಯದು ಧೂಳಿಗೆ ಮಾತ್ರ. ಕರಿಯದರಲ್ಲಿ ಇದ್ದಿಲು ಇದೆ, ವಾಸನೆಯನ್ನೂ ಹಿಡಿಯುತ್ತದೆ, ಒಸಿ ಹೆಚ್ಚು ಬೆಲೆ. ನಾನು ಅಭ್ಯಾಸದಂತೆ ಬಿಳಿಯದಕ್ಕೆ ಕೈ ಹಾಕಿ, ಅವ್ವನ ಮೂಗು ನೆನಪಾಗಿ ಕರಿಯದನ್ನು ಎತ್ತಿಕೊಂಡೆ. ಆದರೂ ಸರ್ವೀಸಿನವರು ಹೇಳಿದ್ದರ ಅರ್ಧವೂ ಆಗಲಿಲ್ಲ.

"ಪಕ್ಕದಲ್ಲಿ ಬಾಣದ ಗುರುತಿದೆ, ಗಾಳಿ ಹೋಗೋ ದಿಕ್ಕು. ಉಲ್ಟಾ ಹಾಕ್ಬೇಡಿ," ಎಂದು ಭಾಯ್ ಎರಡು ಸಲ ಹೇಳಿದರು. ನನ್ನ ಮುಖ ನೋಡಿ ಮೂರನೆಯ ಸಲವೂ ಹೇಳಿದರು.

ಮನೆಗೆ ಬಂದು ಫಿಲ್ಟರ್ ಕೂರುವ ಗೂಡನ್ನು ಒದ್ದೆ ಬಟ್ಟೆಯಿಂದ ನಾಲ್ಕು ಸಲ ಒರೆಸಿದೆ. ಗಾಜುಗಳನ್ನೆಲ್ಲ ಇಳಿಸಿ, ಗಾಳಿಯನ್ನು ಜೋರಾಗಿ ಬಿಟ್ಟು, ಕೊಳವೆಯಲ್ಲಿ ಉಳಿದ ಸುಣ್ಣವೆಲ್ಲ ಹೊರಗೆ ಹೋಗಲಿ ಎಂದು ದೂರ ನಿಂತೆ. ಹೆಂಡತಿ ಸೀಟುಗಳನ್ನು ಬಡಿದಳು. ನನ್ನನ್ನು ಬಡಿಯಬೇಕಾದ್ದನ್ನೂ ಸೇರಿಸಿಯೇ ಬಡಿದಳು ಅನ್ನಿಸಿತು. ಬಾಣದ ಗುರುತನ್ನು ಕೆಳಕ್ಕೆ ಮಾಡಿ ಹೊಸದನ್ನು ತಳ್ಳಿದೆ. ಮುಚ್ಚಳ ಕಟಕ್ಕೆಂದು ಕೂತಿತು. ಮತ್ತೆ ತೆಗೆದು ಬಾಣ ನೋಡಿ ಮತ್ತೆ ಹಾಕಿದೆ. ಅರ್ಧ ಗಂಟೆ ಎಸಿ ಹಾಕಿಕೊಂಡು ನಾನೊಬ್ಬನೇ ಒಳಗೆ ಕೂತು ಉಸಿರಾಡಿದೆ.

ಭಾನುವಾರ ಅವ್ವ ಪಂಪನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹತ್ತಿದಳು. ಹಾಲು ಕರೆಯಲು ಜನ ಬೇಕೆಂದು ಹೆಂಡತಿ ಮನೆಯಲ್ಲೇ ಉಳಿದಳು. ಚನ್ನಪಟ್ಟಣ ದಾಟಿತು. ನಾನು ರಸ್ತೆಗಿಂತ ಹೆಚ್ಚಾಗಿ ಅವ್ವನ ಉಸಿರಿಗೆ ಕಿವಿ ಕೊಟ್ಟಿದ್ದೆ. ರಾಮನಗರದಲ್ಲಿ ಕಳೆದ ಸಲ ಕಾರು ತಿರುಗಿಸಿದ ಜಾಗ ಬಂತು, ಹೋಯಿತು. ಕನಕಪುರದ ರಸ್ತೆಗೆ ಹೊರಳಿದ ಮೇಲೆ ಅವ್ವ ಮೂಗು ಮುಂದೆ ಮಾಡಿ ಎರಡು ಸಲ ಗಾಳಿ ಎಳೆದುಕೊಂಡಳು.

"ಏನ್ಲಾ, ಏನೂ ವಾಸ್ನೇನೇ ಇಲ್ಲ? ಗಾಳಿ ಬತ್ತೈತಾ ಇಲ್ವಾ?"

"ಬತ್ತೈತೆ ಕಣವ್ವ."

"ಹಂಗಾದ್ರೆ ಸರಿ," ಎಂದು ಪಂಪನ್ನು ಎಲೆಯಡಿಕೆ ಚೀಲದೊಳಕ್ಕೆ ಹಾಕಿದಳು. ನನಗೆ ಆದ ಸಂತೋಷಕ್ಕೆ ಸುಮ್ಮನೆ ಒಂದು ಹಾರ್ನ್ ಹೊಡೆದೆ. ಮುಂದೆ ಯಾರೂ ಇರಲಿಲ್ಲ.

ದೊಡ್ಡವ್ವನ ಮನೆಯಲ್ಲಿ ನಾವು ಬರುತ್ತೇವೆಂದು ಹಂಡೆಗೆ ಉರಿ ಹಾಕಿದ್ದರು. ಹಸಿ ತೆಂಗಿನ ಗರಿಯ ಹೊಗೆ ಬಚ್ಚಲಿನಿಂದ ನಡುಮನೆಗೆ, ನಡುಮನೆಯಿಂದ ದೊಡ್ಡವ್ವನ ಮಂಚದವರೆಗೆ ತುಂಬಿತ್ತು. ಹೊಸಿಲಿನಲ್ಲೇ ಅವ್ವನ ಎದೆ ಸೀಟಿ ಹೊಡೆಯಿತು. ಒಳಗಿನಿಂದ ದೊಡ್ಡವ್ವ, "ಬಂದ್ಯೇನವ್ವಾ?" ಅನ್ನುತ್ತಿದ್ದಾಳೆ; ಹೊರಗೆ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಾಳೆ. ಇಷ್ಟು ದೂರ ಬಂದು ಹೊಸಿಲಿನಲ್ಲಿ ಸೋತೆವಲ್ಲ ಎಂದು ನನಗೆ ಅಳು ಬರುವಂತಾಯಿತು.

ಅವ್ವ ಹಿಂದಕ್ಕೆ ತಿರುಗಿ ಕಾರು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಅವ್ಳನ್ನೇ ಎತ್ಕಬಾ."

ದೊಡ್ಡವ್ವನ ಮಗನೂ ನಾನೂ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯನ್ನೇ ಎತ್ತಿಕೊಂಡು ಬಂದೆವು. ನಿಧಾನವಾಗಿ ಹಿಂದಿನ ಸೀಟಿಗೆ ಇಳಿಸಿದೆವು. ಎಷ್ಟೋ ಬೆಳೆಯ ಗೂಡು ಹೇರಿದ್ದ ಸೀಟು ಅದು. ಅವ್ವ ಇನ್ನೊಂದು ಬಾಗಿಲಿನಿಂದ ಹತ್ತಿ, ಎಸಿ ಹಾಕಿಸಿಕೊಂಡು, ಬಾಗಿಲು ಎಳೆದುಕೊಂಡಳು.

ನಾನು ಹೊರಗೆ ಬಿಸಿಲಿನಲ್ಲಿ ನಿಂತೆ. ಗಾಜಿನಾಚೆ ಏನೂ ಕೇಳಿಸುತ್ತಿರಲಿಲ್ಲ. ಇಬ್ಬರೂ ಕೈ ಹಿಡಿದುಕೊಂಡು ಅತ್ತರು, ರವೆ ಉಂಡೆ ತಿಂದರು, ನನ್ನ ಕಡೆ ಬೆರಳು ತೋರಿಸಿಕೊಂಡು ಬಹಳ ಹೊತ್ತು ನಕ್ಕರು. ಸುಣ್ಣದ ಕತೆ ನಡೆಯುತ್ತಿದೆ ಎಂದು ಗೊತ್ತಾಯಿತು. ಒಂದು ಗಂಟೆ ಕಳೆಯಿತು. ಹೋಗಿ ಗಾಜು ತಟ್ಟಿದೆ. ಅವ್ವ ಎರಡು ಬೆರಳಿನಷ್ಟು ಇಳಿಸಿದಳು.

"ಅವ್ವ, ಪೆಟ್ರೋಲು..."

"ಕಾಲು ತೊಳ್ಕಂಡಿದ್ದೀಯಾ?"

"ಇಲ್ಲ."

"ತೊಳ್ಕಂಡ್ ಬಾ," ಎಂದು ಗಾಜು ಏರಿಸಿದಳು.

ತೊಟ್ಟಿಯ ಹತ್ತಿರ ಹೋಗಿ ಹಿಮ್ಮಡಿಯನ್ನೂ ಬಿಡದೆ ತೊಳೆದುಕೊಂಡು ಬಂದೆ. ಅಷ್ಟರಲ್ಲಿ ದೊಡ್ಡವ್ವ ತಂಗಿಯ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ನಾನು ಬಾಗಿಲಿಗೆ ಕೈ ಹಾಕುವುದನ್ನು ಕಂಡು ಅವ್ವ ಬಾಯಿಯ ಮೇಲೆ ಬೆರಳಿಟ್ಟು, ಕಣ್ಣು ದೊಡ್ಡದು ಮಾಡಿದಳು. ನಾನು ಕೈ ತೆಗೆದೆ. ಒದ್ದೆ ಕಾಲಿನಲ್ಲಿ ಹೊರಗೇ ನಿಂತೆ.