ಒಣಗ್ಲಿ ಅಕ್ಕನ ಎರಡು ನಿಮಿಷ

ಆಸ್ಪತ್ರೆಯ ಕಡತದಲ್ಲಿ ಅವಳಿಗೊಂದು ಹೆಸರಿದೆ. ಆ ಹೆಸರು ಹಿಡಿದು ಕರೆದರೆ ಅವಳೇ ತಿರುಗಿ ನೋಡುವುದಿಲ್ಲ. ಗಾಯ ಕಟ್ಟುವ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಒಂದೇ ಮಾತು ಹೇಳಿಕೊಂಡು ಬಂದಿದ್ದಾಳೆ: "ಒಣಗ್ಲಿ." ಹಾಗಾಗಿ ಎಲ್ಲರಿಗೂ ಅವಳು ಒಣಗ್ಲಿ ಅಕ್ಕ.

ಕಂದು ಬಣ್ಣದ ಅಯೋಡಿನ್ ಔಷಧಿ ಹಚ್ಚಿದ ಮೇಲೆ ಅದು ತಾನಾಗಿ ಒಣಗಬೇಕು. ಎರಡು ನಿಮಿಷ. ಊದಬಾರದು, ಬೀಸಬಾರದು, ಒರೆಸಬಾರದು. ಹಸಿಯಲ್ಲೇ ಒರೆಸಿದರೆ ಕ್ರಿಮಿ ಸಾಯುವ ಮೊದಲೇ ಔಷಧಿ ಬಟ್ಟೆಯ ಪಾಲು. ಮೆರವಣಿಗೆಯಲ್ಲಿ ತಲೆ ಒಡೆಸಿಕೊಂಡು ಬಂದವನೊಬ್ಬ, ಹೊರಗೆ ಗೆಳೆಯರು ಕಾಯುತ್ತಿದ್ದಾರೆಂದು ಎದ್ದು ಹೊರಟಾಗ ಭುಜ ಒತ್ತಿ ಕೂರಿಸಿ, "ಕ್ರಾಂತಿ ಎರಡು ನಿಮಿಷ ಕಾಯತ್ತೆ ಕೂತ್ಕೊಳಪ್ಪ, ಒಣಗ್ಲಿ" ಎಂದಳು. ಕಾಯಿತು. ಇನ್ನೂ ಕಾಯುತ್ತಲೇ ಇದೆ. ತಲೆ ಮಾತ್ರ ವಾಸಿಯಾಯಿತು.

ಹುಟ್ಟುತ್ತಲೇ ಜಾಣೆಯೇನಲ್ಲ. ಕೆಲಸಕ್ಕೆ ಸೇರಿದ ವರ್ಷ ಹಸುಗೂಸಿನ ಗಾಯಕ್ಕೆ ದಿನಕ್ಕೆ ಮೂರು ಸಲ ಧಾರಾಳವಾಗಿ ಬಳಿದಳು. ಮಕ್ಕಳ ಡಾಕ್ಟರಮ್ಮ ಕೈ ಹಿಡಿದರು. "ಎಳೇ ಚರ್ಮ ಅದು, ಕುಡಿದುಬಿಡತ್ತೆ. ಥೈರಾಯಿಡ್ ಮಂಕಾಗತ್ತೆ. ಔಷಧಿ ಒಳ್ಳೇದು ಅಂತ ಸ್ನಾನ ಮಾಡಿಸ್ತೀಯಾ?" ಪುಣ್ಯಕ್ಕೆ ಕೂಸಿಗೆ ಏನೂ ಆಗಲಿಲ್ಲ. ಅಂದಿನಿಂದ ಬಾಟಲಿಯ ಮುಚ್ಚಳಕ್ಕೆ ಕೈ ಹಾಕುವ ಮುನ್ನ ಅವಳ ವಿಚಾರಣೆ ಶುರು: ಥೈರಾಯಿಡ್ ತೊಂದರೆ ಇದೆಯಾ, ಬಸುರಿಯಾ, ಹಿಂದೆ ಇದನ್ನು ಹಚ್ಚಿದಾಗ ಗುಳ್ಳೆ ಎದ್ದಿತ್ತಾ? ಒಬ್ಬ ಲಾರಿ ಚಾಲಕ ಹೆದರಿಕೊಂಡ. "ಅಕ್ಕಾ, ನಂಗೆ ಸಿಗಡಿ ತಿಂದ್ರೆ ಮೈಯೆಲ್ಲಾ ದದ್ದು. ಅದ್ರಲ್ಲೂ ಅಯೋಡಿನ್ ಇರತ್ತಂತೆ."

"ನಾನು ಕಾಲಿಗೆ ಹಚ್ತಿದೀನಿ ಅಣ್ಣಾ, ತಿನ್ನಿಸ್ತಿಲ್ಲ. ಸಿಗಡಿಗೂ ಇದಕ್ಕೂ ನೆಂಟಸ್ತನ ಇಲ್ಲ. ಕಾಲು ನೀಡು."

ಇಂಥವಳ ಬುಡಕ್ಕೇ ಒಂದು ವರ್ಷ ನೀರು ಬಂತು. ಆಪರೇಷನ್ ಆದವರು ಹೊಲಿಗೆಯಲ್ಲಿ ಕೀವು ತುಂಬಿಕೊಂಡು ವಾಪಸ್ ಬರತೊಡಗಿದರು. ಮೊದಲ ವಾರ ಇಬ್ಬರು, ಮೂರನೇ ವಾರ ಐವರು. ನೀರು ತಗ್ಗನ್ನು ಹುಡುಕುವಂತೆ ತಪ್ಪೂ ಕೆಳಗಿನವರನ್ನೇ ಹುಡುಕುತ್ತದೆ. ಆಪರೇಷನ್ ಕೋಣೆ ಮೇಲಿನ ಮಹಡಿಯಲ್ಲಿ, ಗಾಯ ಕಟ್ಟುವ ಕೋಣೆ ಕೆಳಗೆ. ತಪ್ಪು ಮೆಟ್ಟಿಲಿಳಿದು ಬಂತು, ಮೇಟ್ರನ್ ಜೊತೆಯಲ್ಲಿ.

"ಒಂದೋ ನಿನ್ನ ಔಷಧೀಲಿ ಸತ್ವ ಇಲ್ಲ, ಇಲ್ಲಾ ನಿನ್ನ ಕೈ ಕೊಳಕು. ಸೋಮವಾರದಿಂದ ಉಗ್ರಾಣಕ್ಕೆ ಹೋಗು."

"ಸೋಮವಾರಕ್ಕೆ ಇನ್ನೂ ನಾಲ್ಕು ದಿನ ಇದೆ ಮೇಡಂ."

ಉಗ್ರಾಣವೆಂದರೆ ಸೂಜಿ ಡಬ್ಬಗಳನ್ನು ಜೋಡಿಸುತ್ತಾ ಕೂರುವುದು. ಗಾಯ ಮಾಯಿಸುವ ಕೈಗೆ ಅದು ಜೀವಂತ ಸಮಾಧಿ. ಅವಳು ಅಳಲಿಲ್ಲ. ಬಾಟಲಿಗಳನ್ನೆಲ್ಲ ಇಳಿಸಿ ನೋಡಿದಳು. ಹಳೆಯ ಬಾಟಲಿಗೆ ಹೊಸದನ್ನು ಸುರಿಯುವ ಅಭ್ಯಾಸ ಅವಳಿಗಿಲ್ಲ. ಪ್ರತಿಯೊಂದರ ಮೇಲೂ ತೆರೆದ ತಾರೀಖು ಅವಳ ಕೈಬರಹದಲ್ಲೇ ಇತ್ತು. ಔಷಧಿ ಸರಿಯಿತ್ತು. ಕೈ ಸರಿಯಿತ್ತು.

ಮರುದಿನ ಮನೆಗಳಿಗೆ ಬಣ್ಣ ಹೊಡೆಯುವ ಪೇಂಟರ್ ಒಬ್ಬ ಬಂದ. ಹರ್ನಿಯಾ ಆಪರೇಷನ್ ಆಗಿ ನಾಲ್ಕು ದಿನ. ಪಟ್ಟಿ ಬಿಚ್ಚಿದಳು. ಒಳಗೆ ಕೀವು. ಆದರೆ ಅವಳ ಕಣ್ಣು ನಿಂತದ್ದು ಕೀವಿನ ಮೇಲಲ್ಲ, ಸುತ್ತಲಿನ ಚರ್ಮದ ಮೇಲೆ. ಆಪರೇಷನ್ ಆದವರ ಪಟ್ಟಿಯ ಅಂಚಿನಲ್ಲಿ ನಾಲ್ಕಾರು ದಿನ ಕಂದು ಗೆರೆಯೊಂದು ಉಳಿದಿರುತ್ತದೆ. ಇವನ ಹೊಟ್ಟೆ ತೊಳೆದಿಟ್ಟ ತಟ್ಟೆಯಂತಿತ್ತು.

"ಮನೇಲಿ ಸ್ನಾನ ಮಾಡಿದ್ಯಾ?"

"ಹೊಲಿಗೆ ಇಟ್ಕೊಂಡು ಯಾರಕ್ಕಾ ಸ್ನಾನ ಮಾಡ್ತಾರೆ? ಮೇಲೆ ಅವ್ರೇ ಒರೆಸಿದ್ರು. ಸೊಂಟಕ್ಕೆ ಇಂಜೆಕ್ಷನ್ ಕೊಟ್ಟಿದ್ರು, ನಾನು ಎಚ್ಚರವಾಗೇ ಇದ್ದೆ. ಹೀಗೆ ಹಚ್ಚಿದ್ರು, ಹಾಗೆ ಒರೆಸಿದ್ರು. ಹಸಿ ಬಣ್ಣ ಒರೆಸ್ತಾರಲ್ಲಪ್ಪಾ, ಇವ್ರೆಂಥಾ ಪೇಂಟರ್‌ಗಳು ಅಂದ್ಕೊಂಡೆ!"

ಅವನ ಗಾಯ ತೊಳೆದು, ಹಚ್ಚಿ, ಒಣಗಲು ಬಿಟ್ಟು, ಕಟ್ಟಿ, ಅವಳು ನೇರ ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಗೆ ಹೋದಳು. ಅಲ್ಲಿಯ ಯಜಮಾನ ಅವಳ ಅಕ್ಕನ ಗಂಡ. ಹಬೆಯ ನಡುವೆ ತೋಳು ಮಡಚಿ ನಿಂತಿದ್ದ.

"ಭಾವ, ಆಪರೇಷನ್ ಕೋಣೆ ಚಾದರ ಈಗ ಹೇಗಿದೆ?"

ಭಾವನ ಮುಖ ಊರಗಲವಾಯಿತು. "ನೋಡು, ಹಾಲಿನ ಹಾಗಿದೆ! ನಾನೇ ದೂರು ಬರೆದು ಕೊಟ್ಟೆ, ಈ ಕಂದು ಕಲೆ ನಮ್ಮಪ್ಪನಾಣೆ ಹೋಗಲ್ಲ ಅಂತ. ಮೇಟ್ರನ್ ಆರ್ಡರ್ ಹಾಕಿದ್ರು: ಹಚ್ಚಿದ ತಕ್ಷಣ ಹೆಚ್ಚಾದ್ದನ್ನ ಒರೆಸಿ, ಚಾದರಕ್ಕೆ ತಾಗಬಾರ್ದು ಅಂತ. ಐದು ವಾರದಿಂದ ಒಂದು ಕಲೆ ಇಲ್ಲ."

"ಹೆಚ್ಚಾದ್ದನ್ನಲ್ಲ ಭಾವ, ಇದ್ದದ್ದನ್ನೆಲ್ಲಾ ಒರೆಸ್ತಿದಾರೆ. ನಿಮ್ಮ ಚಾದರ ಹಾಲಾಯ್ತು, ಜನರ ಹೊಟ್ಟೆ ಕೀವಾಯ್ತು."

ಭಾವನ ತೋಳು ಕೆಳಗಿಳಿಯಿತು. "ಅಯ್ಯೋ... ನಿಮ್ಮಕ್ಕನಿಗೆ ಹೇಳ್ಬೇಡ್ವೇ."

"ಅವಳಿಗೇ ಮೊದಲು ಹೇಳೋದು."

ಶನಿವಾರ ಬೆಳಿಗ್ಗೆ ದೊಡ್ಡ ಸರ್ಜನ್ನರು ಕೈ ತೊಳೆಯಲು ಹೋಗುವ ಮುಂಚೆಯೇ ಮೇಲಿನ ಮಹಡಿಯ ಬಾಗಿಲಿಗೆ ಅಡ್ಡ ನಿಂತಳು. ಮನವಿಪತ್ರ ಇಲ್ಲ, ಘೋಷಣೆ ಇಲ್ಲ. ಎಲ್ಲ ಹೇಳಿದಳು. ಸರ್ಜನ್ನರು ಹುಬ್ಬು ಗಂಟಿಕ್ಕಿದರು. "ನನ್ನ ಟೇಬಲ್ಲಲ್ಲಿ ಯಾರಮ್ಮ ಒರೆಸ್ತಾರೆ?"

"ನೀವು ನಲ್ಲಿ ಕಡೆ ಮುಖ ಮಾಡಿರ್ತೀರಲ್ಲ ಸಾರ್, ಆಗ ಬೆನ್ನ ಹಿಂದೆ ನಡೆಯತ್ತೆ. ಇವತ್ತು ತಿರುಗಿ ನಿಂತು ಕೈ ತೊಳೀರಿ."

ಅವರು ತಿರುಗಿ ನಿಂತರು. ಸಹಾಯಕ ರೋಗಿಯ ಹೊಟ್ಟೆಗೆ ಹಚ್ಚಿದ, ಬಟ್ಟೆಗೆ ಕೈ ಚಾಚಿದ. "ನಿಲ್ಸು!" ಎಂಬ ಸರ್ಜನ್ನರ ಕೂಗಿಗೆ ಬೆದರಿ, ಒರೆಸುವ ಬದಲು ಇನ್ನಷ್ಟು ಸುರಿದ. ಔಷಧಿ ಪಕ್ಕೆಯಿಂದಿಳಿದು ಬೆನ್ನಡಿ ಮಡುಗಟ್ಟಿತು.

"ಹಚ್ಚೋದು ಬೇರೆ, ಹುಯ್ಯೋದು ಬೇರೆ ಕಣಪ್ಪಾ" ಎಂದಳು ಅಕ್ಕ ಬಾಗಿಲಿಂದಲೇ. "ಬೆನ್ನಡಿ ನಿಂತ್ರೆ ಚರ್ಮ ಸುಡತ್ತೆ. ಅಲ್ಲಿ ಹೀರಿ ತೆಗಿ, ಒದ್ದೆ ಚಾದರ ಬದಲಾಯಿಸು. ಹೊಟ್ಟೆ ಮುಟ್ಬೇಡ."

ಗೋಡೆ ಗಡಿಯಾರದ ಮುಳ್ಳು ಎರಡು ಸುತ್ತು ಬರುವವರೆಗೆ ಸರ್ಜನ್ನರು ಕೈ ಎತ್ತಿಕೊಂಡು ಶರಣಾದವರಂತೆ ನಿಂತಿದ್ದರು. "ಆಯ್ತಾ?" ಎಂದರು ನಡುವೆ.

"ಒಣಗ್ಲಿ ಸಾರ್."

ಸೋಮವಾರ ಮೇಟ್ರನ್ ಕೆಳಗೆ ಬಂದರು. ತಪ್ಪಾಯಿತು ಎನ್ನಲಿಲ್ಲ, ಆ ಪದ ಅವರ ಕುರ್ಚಿಯ ಜೊತೆ ಬಂದಿರಲಿಲ್ಲ. "ಸರ್ಜನ್ ಸಾಹೇಬ್ರು ಹೇಳಿದಾರೆ, ಇನ್ನು ಒರೆಸೋದು ಬೇಡ ಅಂತ. ಒಂದು ತಿಂಗಳು ಇಲ್ಲೇ ಇರು, ನೋಡೋಣ" ಎಂದರು. ತಿಂಗಳಲ್ಲಿ ಕೀವಾಗಿ ಬಂದವನು ಒಬ್ಬ. ಅವನೂ ಮೂರನೇ ದಿನವೇ ಪಟ್ಟಿ ಕಿತ್ತೆಸೆದು ನೀರಿನ ಸಂಪು ತೊಳೆಯಲು ಇಳಿದ ಭೂಪ. ಉಗ್ರಾಣದ ಮಾತು ಮತ್ತೆ ಬರಲಿಲ್ಲ.

ಹೆಂಡತಿಯ ಬಾಯಿಂದ ಎಂಟು ದಿನ ಬೈಸಿಕೊಂಡ ಭಾವ ಆಪರೇಷನ್ ಕೋಣೆಯ ಚಾದರಗಳನ್ನೆಲ್ಲ ಕಡು ಕಂದು ಬಣ್ಣಕ್ಕೆ ಅದ್ದಿಸಿ, ಒಂದನ್ನು ಹೆಗಲಿಗೆ ಹಾಕಿಕೊಂಡು ನಾದಿನಿಯ ಕೋಣೆಗೆ ಬಂದ. "ಈಗ ಕಲೆ ಹುಡುಕು ನೋಡೋಣ!"

ಅವಳು ಚಾದರ ಮುಟ್ಟಿ ನೋಡಿದಳು. "ಬಣ್ಣ ಇನ್ನೂ ಹಸಿ ಇದೆ ಭಾವ. ನಿಮ್ಮ ಬಿಳೀ ಅಂಗಿ ನೋಡ್ಕೊಳ್ಳಿ."