ತೊಡೆಗೆ ಬಿಗಿದ ರುಮಾಲು

೧೯೭೮ರಲ್ಲಿ ಮಾದನಹಿಪ್ಪರಗಾದಿಂದ ಆಳಂದದ ಪ್ರೌಢಶಾಲೆಗೆ ವಿಜ್ಞಾನದ ಮಾಸ್ತರನಾಗಿ ವರ್ಗವಾಗಿ ಬಂದ ದಿನವೇ ನಾನು ಮಲ್ಕಪ್ಪನನ್ನು ಮೊದಲು ಕಂಡದ್ದು. ಬಸ್ಸಿನ ಮೇಲಿದ್ದ ನನ್ನ ಟ್ರಂಕನ್ನು ಇಳಿಸಲು ಇಬ್ಬರು ಹೆಣಗುತ್ತಿದ್ದರು. ಎಲ್ಲಿಂದಲೋ ಬಂದ ಅವನು ತಲೆಯ ರುಮಾಲನ್ನು ಬಿಚ್ಚಿ ಸೊಂಟಕ್ಕೆ ಬಿಗಿದು, ಟ್ರಂಕನ್ನು ಒಬ್ಬನೇ ಬೆನ್ನಿಗೇರಿಸಿಕೊಂಡ.

“ಇದರಾಗ ಕಲ್ಲು ತುಂಬೀರೇನ್ರಿ ಮಾಸ್ತರ್ರೇ?”

“ಪುಸ್ತಕ.”

“ಓದೋದು ಇಷ್ಟು ವಜನ ಇರ್ತದಂತ ಗೊತ್ತಿದ್ದೇ ನಾನು ಸಾಲಿ ಬಿಟ್ಟೇನ್ರಿ!”

ಮಲ್ಕಪ್ಪ ತೊಗರಿ ಮಾರುಕಟ್ಟೆಯ ಹಮಾಲ. ಅಲ್ಲಿಯ ಹಮಾಲರು ಚೀಲ ಎತ್ತುವ ಮುನ್ನ ಸೊಂಟಕ್ಕೆ ರುಮಾಲು ಬಿಗಿಯುತ್ತಿದ್ದರು. ಬಿಗಿದ ಕಡೆ ಬಲ ನಿಲ್ಲುತ್ತದೆಂಬುದು ಅವರ ನಂಬಿಕೆ.

ಕೆಲವು ವರ್ಷಗಳ ಮೇಲೆ ಒಂದರ ಮೇಲೊಂದು ಪೇರಿಸಿದ್ದ ಚೀಲಗಳ ಥಪ್ಪಿ ಜಾರಿಬಿದ್ದು ಅವನ ಬಲತೊಡೆಯ ಎಲುಬು ಮುರಿಯಿತು. ತಿಂಗಳುಗಟ್ಟಲೆ ಪ್ಲಾಸ್ಟರು. ಅದನ್ನು ತೆಗೆದ ಸುದ್ದಿ ಕೇಳಿ ನೋಡಲು ಹೋದೆ. ಹೊರಸಿನ ಮೇಲೆ ಮಲಗಿದ್ದ. ಬಡವಾದ ತೊಡೆಗೆ ಅದೇ ರುಮಾಲನ್ನು ಬಿಗಿಯಾಗಿ ಸುತ್ತಿಕೊಂಡಿದ್ದ.

“ಕಾಲು ಆಡಸು ಅಂತ ಡಾಕ್ಟರ್ ಹೇಳ್ಯಾರ್ರಿ. ಇವರು ಬೆರಳು ಸುದ್ದಾ ಆಡಸವಲ್ರು. ತುಪ್ಪ ಮಾತ್ರ ಬೇಕು!” ಎಂದಳು ಹೆಂಡತಿ ಮಾಳಮ್ಮ.

“ತೊಗರಿ ಸುರುವಿದ ಚೀಲ ಆಗ್ಯಾದ್ರಿ ಕಾಲು,” ಎಂದ ಮಲ್ಕಪ್ಪ. “ಉಳಿದಷ್ಟು ಖಂಡನಾದ್ರೂ ಉಳೀಲಿ ಅಂತ ಚೀಲದ ಬಾಯಿ ಕಟ್ಟೇನಿ. ಆಡಸಿದ್ರ ಅದೂ ಸೋರಿ ಹೋಗ್ತದ.”

ಹಮಾಲರ ಮುಖಂಡ ಹುಲೆಪ್ಪ, ಹೊಸ ತೊಗರಿ ಬರುವತನಕ ಅವನ ಜಾಗ ಕಾಯುವುದಾಗಿ ಹೇಳಿದ್ದನಂತೆ. ಅಷ್ಟರಲ್ಲಿ ಚೀಲ ಹೊರದಿದ್ದರೆ ಆ ಜಾಗ ಬೇರೊಬ್ಬನಿಗೆ. ತೊಗರಿ ಆಗಲೇ ಹೂವಾಗಿತ್ತು. ನಾನು ಎಷ್ಟು ಹೇಳಿದರೂ ಅವನು ರುಮಾಲು ಬಿಚ್ಚಲೊಲ್ಲ.

ಭಾನುವಾರ ಗಂಡಹೆಂಡಿರನ್ನು ಟಾಂಗಾದಲ್ಲಿ ಶಾಲೆಗೆ ಕರೆಸಿದೆ. ಕಿಟಕಿಯ ಬಳಿ ಸೂಕ್ಷ್ಮದರ್ಶಕವನ್ನಿಟ್ಟು, ಕುರಿಯ ತೊಡೆಯ ಸ್ನಾಯುವಿನ ತೆಳು ಪದರವಿದ್ದ ಗಾಜಿನ ಪಟ್ಟಿಯನ್ನು ಹೊಂದಿಸಿದೆ. “ಇದು ಕುರಿಯದು. ನಿನ್ನದೂ ಹೀಗೆಯೇ,” ಎಂದೆ. ಮಲ್ಕಪ್ಪ ಒಂದು ಕಣ್ಣು ಮುಚ್ಚಿ, ಅಡ್ಡಪಟ್ಟೆಗಳಿದ್ದ ಆ ನಾರುಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಗೋಡೆ ಅದುರುವಂತೆ ನಕ್ಕ.

“ಬಾ ಬೇ ಮಾಳಮ್ಮ, ನೋಡಿಲ್ಲಿ! ಒಳಗೂ ಪಟ್ಟಾಪಟ್ಟಿ ಚಡ್ಡಿ ಹಾಕ್ಕೊಂಡು ಕುಂತಾವ!”

“ಹಮಾಲನ ಕಾಲಾಗ ಮತ್ತ ರೇಶ್ಮಿ ಧೋತರ ಇರ್ತದೇನು?” ಎಂದಳು ಅವಳು.

ನಾನು ಒಂದು ಸುತಳಿಯ ಎಳೆ ಬಿಡಿಸುತ್ತ ವಿವರಿಸಿದೆ. ಸ್ನಾಯುವೆಂದರೆ ನಾರುಗಳ ಕಟ್ಟು. ಕಟ್ಟಿಗೊಂದು ತೆಳುವಾದ ಹೊದಿಕೆ, ಒಳಗಿನ ನಾರಿಗೂ ಒಂದೊಂದು. ಪ್ರತಿ ನಾರಿನೊಳಗೆ ಇನ್ನೂ ಸಣ್ಣ ಎಳೆಗಳು ಒತ್ತಾಗಿ ನಿಂತಿರುತ್ತವೆ. ಅವುಗಳ ದಟ್ಟ ಭಾಗವೂ ತಿಳಿ ಭಾಗವೂ ಸಾಲಾಗಿ ಹೊಂದಿಕೊಂಡದ್ದರಿಂದಲೇ ಆ ಪಟ್ಟೆ. ಎರಡೂ ಕೈಗಳ ಬೆರಳುಗಳನ್ನು ಹೆಣೆದು, ಒಂದರ ನಡುವೆ ಒಂದನ್ನು ಸರಿಸಿ ತೋರಿಸಿದೆ: ಎಳೆಗಳು ಹೀಗೆ ಒಳಸರಿದಾಗ ನಾರು ಮೊಟಕಾಗುತ್ತದೆ, ಎಲುಬನ್ನು ಎಳೆಯುತ್ತದೆ. ಕೆಲಸವಿಲ್ಲದಾಗ ಒಳಗಿನ ಎಳೆಗಳು ಕಡಿಮೆಯಾಗಿ ನಾರು ಸಣಕಲಾಗುತ್ತದೆ.

ಮಲ್ಕಪ್ಪ ತನ್ನ ಬೆರಳುಗಳನ್ನೂ ಹೆಣೆದು ನೋಡಿದ. “ಹಂಗಾದ್ರ ಚೀಲ ಸೋರಿಲ್ಲೇನ್ರಿ?”

“ಇಲ್ಲಪ್ಪ. ನಾರುಗಳೆಲ್ಲ ಅಲ್ಲೇ ಇವೆ, ತೆಳ್ಳಗಾಗಿವೆ. ದುಡಿಸಿದರೆ ಮತ್ತೆ ದಪ್ಪವಾಗುತ್ತವೆ. ಬಿಗಿದು ಮಲಗಿಸಿದರೆ ಇನ್ನಷ್ಟು ಸೊರಗುತ್ತವೆ.”

ಅವನು ಬಗ್ಗಿ ರುಮಾಲಿನ ಗಂಟಿಗೆ ಕೈ ಹಾಕಿದ.

ಡಾಕ್ಟರು ಹೇಳಿದ್ದನ್ನು ಅಂದೇ ಆರಂಭಿಸಿದ: ಮೊಣಕಾಲಿನ ಕೆಳಗೆ ಮಡಿಸಿದ ಗೋಣಿಚೀಲವಿಟ್ಟು ಒತ್ತುವುದು, ಬಿಡುವುದು. ಮುಂದೆ ಪಾದಕ್ಕೆ ತೊಗರಿಯ ಸಣ್ಣ ಗಂಟು ಕಟ್ಟಿಕೊಂಡು ಕಾಲೆತ್ತತೊಡಗಿದ. ಮಾಳಮ್ಮ ದಿನವೂ ಅದಕ್ಕೆ ಒಂದು ಹಿಡಿ ಕಾಳು ಸೇರಿಸುತ್ತಿದ್ದಳು.

ಹೊಸ ತೊಗರಿ ಬಂದ ದಿನ ನಾನೂ ಮಾರುಕಟ್ಟೆಗೆ ಹೋದೆ. ಬಂಡಿಯಿಂದ ತಕ್ಕಡಿಯವರೆಗೆ ತುಂಬಿದ ಚೀಲವೊಂದನ್ನು ಮಲ್ಕಪ್ಪ ಹೊತ್ತು ಇಳಿಸಿದ. ಹುಲೆಪ್ಪ ಅವನ ಕಾಲನ್ನೇ ನೋಡುತ್ತಿದ್ದ.

“ನಡುಗಾಕತ್ತದಲ್ಲಲೇ!”

“ನಡುಗ್ಲಿ ಬಿಡೋ ಅಣ್ಣಾ. ಪಟ್ಟಾಪಟ್ಟಿ ಚಡ್ಡಿಯವರು ಒಳಗ ಜಗ್ಗಾಡಾಕತ್ತಾರ.”

ಹುಲೆಪ್ಪನಿಗೆ ಏನೂ ತಿಳಿಯಲಿಲ್ಲ. “ಹುಚ್ಚಪ್ಪ! ನಾಳಿ ಹೊತ್ತಿಗೆ ಸರಿಯಾಗಿ ಬಾ,” ಎಂದ.

ಈಗ ಮಲ್ಕಪ್ಪ ವಯಸ್ಸಾಗಿ ಚೀಲ ಹೊರುವುದಿಲ್ಲ. ಮಾರುಕಟ್ಟೆಯ ಬೇವಿನ ಕೆಳಗೆ ಕೂತಿರುತ್ತಾನೆ. ಪ್ಲಾಸ್ಟರು ತೆಗೆಸಿಕೊಂಡ ಹಮಾಲರು ಡಾಕ್ಟರ ಮಾತು ಕೇಳದಿದ್ದರೆ ಮನೆಯವರು ಅವನ ಬಳಿ ಕರೆತರುತ್ತಾರೆ. ಮೊನ್ನೆ ನಾನು ಹೋದಾಗ ಒಬ್ಬನ ಮೊಣಕಾಲಿನ ಕೆಳಗೆ ಗೋಣಿಚೀಲವಿಟ್ಟು, “ಒತ್ತಲೇ, ಇನ್ನಾ ಒತ್ತು!” ಎಂದು ಗದರುತ್ತಿದ್ದ. ಆ ಹಮಾಲನ ತೊಡೆಯಿಂದ ಬಿಚ್ಚಿದ ರುಮಾಲು ಮಲ್ಕಪ್ಪನ ಹೆಗಲ ಮೇಲಿತ್ತು.